ಅಲೆ ಮೈಗೆ ತಾಗಿದರೆ ಏನಾಗುತ್ತೆ? ಮೊಬೈಲ್‌ಗಿಂತ ನೂರು ವರ್ಷ ಹಳೆಯ ಹುಡುಕಾಟ

ಬಡಾವಣೆಯಲ್ಲಿ ಯಾರದೋ ಟೆರೇಸ್ ಮೇಲೆ ಮೊಬೈಲ್ ಟವರ್ ಬರುತ್ತಂತೆ ಅಂತ ಸುದ್ದಿಯಾದರೆ ಸಾಕು, ಅಕ್ಕಪಕ್ಕದವರು ಸಹಿ ಸಂಗ್ರಹ ಶುರು ಮಾಡುತ್ತಾರೆ. ತಲೆನೋವು, ನಿದ್ದೆ ಬಾರದಿರುವುದು, ಕ್ಯಾನ್ಸರ್, ಮಾಯವಾದ ಗುಬ್ಬಚ್ಚಿ, ಎಲ್ಲವೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತವೆ. ‘ಏನೂ ಆಗಲ್ಲ ಬಿಡ್ರೀ’ ಅನ್ನುವವರೂ ಇರುತ್ತಾರೆ. 5ಜಿ ಬಂದ ಮೇಲಂತೂ ಈ ಜಗಳ ಜಾಸ್ತಿಯೇ ಆಗಿದೆ. ‘ಇದರ ಬಗ್ಗೆ ಯಾರಾದರೂ ಸಂಶೋಧನೆ ಮಾಡಿದ್ದಾರಾ?’ ಅಂತ ಕೇಳುವವರು ಮಾತ್ರ ಕಡಿಮೆ.

ಮಾಡಿದ್ದಾರೆ. ಅದೂ ರೇಡಿಯೊ ಪ್ರಸಾರ ಶುರುವಾಗುವುದಕ್ಕೆ ಎಷ್ಟೋ ಮೊದಲಿನಿಂದ. ಆ ಮೊದಲ ಎಂಟು ದಶಕಗಳ ಸಂಶೋಧನೆ ಸುತ್ತಿದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆಯ ಸುತ್ತ: ಈ ಅಲೆಗಳು ದೇಹವನ್ನು ಬಿಸಿ ಮಾಡುತ್ತವೆ, ಸರಿ. ಬಿಸಿ ಬಿಟ್ಟು ಬೇರೇನಾದರೂ ಮಾಡುತ್ತವಾ?

ಮೊದಲು, ಯಾವ ಅಲೆ?

ತಂತಿಯಲ್ಲಿ ಕರೆಂಟ್ ಹಿಂದಕ್ಕೂ ಮುಂದಕ್ಕೂ ಹರಿದಾಡುತ್ತಿದ್ದರೆ ಅದರ ಸುತ್ತ ವಿದ್ಯುತ್ ಸೆಳೆತ, ಕಾಂತ ಸೆಳೆತ ಎರಡೂ ಏರಿಳಿಯುತ್ತವೆ. ಈ ಏರಿಳಿತವೇ ತಂತಿಯನ್ನು ಬಿಟ್ಟು ಹೊರಗೆ ಹರಡಿಕೊಂಡು ಹೋದರೆ ಅದು ವಿದ್ಯುತ್ಕಾಂತೀಯ ಅಲೆ. ಅದಕ್ಕೆ ಗಾಳಿಯೂ ಬೇಡ, ನೀರೂ ಬೇಡ. ಇಂಥ ಅಲೆಗಳಿರಬೇಕು ಅಂತ 1860ರ ದಶಕದಲ್ಲಿ ಲೆಕ್ಕ ಹಾಕಿ ಹೇಳಿದವರು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. 1887-88ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಅವನ್ನು ಹುಟ್ಟಿಸಿ ತೋರಿಸಿದವರು ಹೈನ್ರಿಶ್ ಹರ್ಟ್ಸ್.

ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವುದೇ ಆವರ್ತನ. ಸೆಕೆಂಡಿಗೆ ಒಂದು ಸಲ ಅಂದರೆ ಒಂದು ಹರ್ಟ್ಸ್. ನಮ್ಮ ಮನೆಯ ಕರೆಂಟ್ 50 ಹರ್ಟ್ಸ್. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 6,12,000 ಸಲ. ಮೈಕ್ರೋವೇವ್ ಓವನ್ ಸುಮಾರು 245 ಕೋಟಿ ಸಲ. ಮೊಬೈಲ್ ಅಲೆಗಳು ಹೆಚ್ಚಾಗಿ ಇದರ ಆಸುಪಾಸಿನವು. ಕಣ್ಣಿಗೆ ಕಾಣುವ ಬೆಳಕೂ ಇದೇ ಜಾತಿಯದ್ದು, ಆದರೆ ಅದರ ಆವರ್ತನ ಸುಮಾರು 500 ಲಕ್ಷ ಕೋಟಿ. ಎಕ್ಸ್‌ರೇ ಅದಕ್ಕಿಂತಲೂ ಸಾವಿರಾರು ಪಟ್ಟು ಮೇಲೆ.

ಈ ವ್ಯತ್ಯಾಸ ಯಾಕೆ ಮುಖ್ಯ? ಅಲೆಯ ಶಕ್ತಿ ಸಣ್ಣ ಸಣ್ಣ ಕಂತುಗಳಲ್ಲಿ ಬರುತ್ತದೆ. ಆವರ್ತನ ಹೆಚ್ಚಿದಷ್ಟೂ ಒಂದೊಂದು ಕಂತೂ ದೊಡ್ಡದು. ಮರದ ತುದಿಯ ಮಾವಿನಕಾಯಿಗೆ ಹಿಡಿಗಟ್ಟಲೆ ರಾಗಿ ತೂರಿ ನೋಡಿ, ಮೂಟೆ ಖಾಲಿಯಾದರೂ ಕಾಯಿ ಉದುರುವುದಿಲ್ಲ. ಒಂದು ಕಲ್ಲು ಸರಿಯಾಗಿ ಬಿದ್ದರೆ ಸಾಕು. ಎಕ್ಸ್‌ರೇಯ ಒಂದೇ ಒಂದು ಕಂತು ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕಬಲ್ಲದು, ಹಾಗೆ ಡಿಎನ್‌ಎಯನ್ನೂ ಕೆಡಿಸಬಲ್ಲದು. ಮೈಕ್ರೋವೇವ್‌ನ ಒಂದು ಕಂತಿನಲ್ಲಿರುವುದು ಅದಕ್ಕೆ ಬೇಕಾದ ಶಕ್ತಿಯ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು.

ಎಕ್ಸ್‌ರೇ ತನ್ನ ಗುಣವನ್ನು ಬೇಗ ತೋರಿಸಿತು. ವಿಲ್ಹೆಲ್ಮ್ ರಾಂಟ್‌ಗನ್ ಅದನ್ನು ಕಂಡುಹಿಡಿದದ್ದು 1895ರ ನವೆಂಬರ್‌ನಲ್ಲಿ. ಮಾರನೇ ವರ್ಷವೇ ಚರ್ಮ ಸುಟ್ಟ, ಕೂದಲು ಉದುರಿದ ವರದಿಗಳು ಬರತೊಡಗಿದವು. ಥಾಮಸ್ ಎಡಿಸನ್ ಅವರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಎಕ್ಸ್‌ರೇ ಕೆಲಸದಿಂದಲೇ ಕ್ಯಾನ್ಸರ್ ಬಂದು 1904ರಲ್ಲಿ ತೀರಿಕೊಂಡರು. ರೇಡಿಯೊ ಅಲೆಗಳ ಕಥೆ ಹೀಗೆ ನೇರವಾಗಿರಲಿಲ್ಲ.

ಷಾಕ್ ಹೊಡೆಯದ ಕರೆಂಟ್

ಪ್ಯಾರಿಸ್‌ನ ಕಾಲೇಜ್ ದ ಫ್ರಾನ್ಸ್‌ನಲ್ಲಿ ಜಾಕ್ ಆರ್ಸೆನ್ ದಾರ್ಸೊನ್ವಾಲ್ ಅಂತ ಒಬ್ಬರಿದ್ದರು. ಓದಿದ್ದು ವೈದ್ಯಕೀಯ, ಕೈ ಮಾತ್ರ ಯಂತ್ರಗಳ ಮೇಲೆ. ಸೂಕ್ಷ್ಮ ಕರೆಂಟ್ ಅಳೆಯುವ ಗ್ಯಾಲ್ವನೋಮೀಟರ್‌ನ ಒಂದು ಬಗೆಗೆ ಇವತ್ತಿಗೂ ಅವರದೇ ಹೆಸರಿದೆ.

1890ರ ಸುಮಾರಿಗೆ ಅವರು ಒಂದು ವಿಚಿತ್ರ ಗಮನಿಸಿದರು. ಕರೆಂಟ್ ತಾಗಿಸಿದರೆ ಸ್ನಾಯು ಸೆಟೆಯುತ್ತದೆ, ಅದು ಮೊದಲೇ ಗೊತ್ತಿತ್ತು. ಆವರ್ತನ ಏರಿಸುತ್ತಾ ಹೋದರೆ ಕೆಲವು ಸಾವಿರ ಹರ್ಟ್ಸ್‌ವರೆಗೆ ಸೆಳೆತ ಹೆಚ್ಚುತ್ತದೆ. ಆಮೇಲೆ ಕಡಿಮೆಯಾಗುತ್ತಾ ಬರುತ್ತದೆ. ಲಕ್ಷಗಳ ಲೆಕ್ಕಕ್ಕೆ ಹೋದರೆ ಸ್ನಾಯು ಅಲುಗಾಡುವುದೇ ಇಲ್ಲ! ಅವರು ಇಂಥ ಕರೆಂಟನ್ನು ತಮ್ಮ ಮೈಯೊಳಗೇ ಹರಿಸಿಕೊಂಡು ನೋಡಿದರು, 3 ಆಂಪಿಯರ್‌ವರೆಗೆ. ಮನೆಯ 50 ಹರ್ಟ್ಸ್ ಕರೆಂಟ್ ಎದೆಯ ಮೂಲಕ 0.1 ಆಂಪಿಯರ್ ಹರಿದರೂ ಜೀವ ಹೋಗಬಹುದು. ಇವರಿಗೆ ಮೈ ಸ್ವಲ್ಪ ಬೆಚ್ಚಗಾಯಿತು, ಅಷ್ಟೇ. (ಇದನ್ನು ಯಾರೂ ಮನೆಯಲ್ಲಿ ಪ್ರಯತ್ನಿಸಬೇಡಿ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.)

ಕಾರಣ ಈಗ ನಮಗೆ ಗೊತ್ತು. ನರ ಕೆರಳಬೇಕಾದರೆ ಅದರ ಪೊರೆಯ ಆಚೀಚೆ ಸೋಡಿಯಂ, ಪೊಟ್ಯಾಸಿಯಂನಂಥ ವಿದ್ಯುತ್ ಹೊತ್ತ ಕಣಗಳು ಒಂದು ದಿಕ್ಕಿನಲ್ಲಿ ಸ್ವಲ್ಪ ಹೊತ್ತಾದರೂ ಸರಿಯಬೇಕು. ಆವರ್ತನ ತೀರಾ ಹೆಚ್ಚಾದರೆ ಅವು ಹೊರಡುವಷ್ಟರಲ್ಲಿ ದಿಕ್ಕೇ ತಿರುಗಿಬಿಡುತ್ತದೆ. ಅಲ್ಲಲ್ಲೇ ಅದುರುತ್ತವೆ, ಒಂದಕ್ಕೊಂದು ಉಜ್ಜುತ್ತವೆ. ಆ ಉಜ್ಜಾಟದಿಂದ ಬಿಸಿ ಹುಟ್ಟುತ್ತದೆ. ಅಮೆರಿಕದಲ್ಲಿ ನಿಕೋಲ ಟೆಸ್ಲಾ ಕೂಡ ಅದೇ ಹೊತ್ತಿಗೆ ಈ ಬಿಸಿಯನ್ನು ಗುರುತಿಸಿದ್ದರು.

ದಾರ್ಸೊನ್ವಾಲ್ ಅಲ್ಲಿಗೇ ನಿಲ್ಲಲಿಲ್ಲ. ಮನುಷ್ಯ ನಿಲ್ಲುವಷ್ಟು ದೊಡ್ಡ ತಂತಿಯ ಪಂಜರ ಮಾಡಿಸಿದರು. ಒಳಗೆ ನಿಂತವರು ತೋಳುಗಳನ್ನು ಬಳೆಯಂತೆ ಬಾಗಿಸಿ, ಎರಡು ಕೈಗಳ ನಡುವೆ ಸಣ್ಣ ಬಲ್ಬ್ ಹಿಡಿದರೆ ಅದು ಹೊತ್ತಿಕೊಳ್ಳುತ್ತಿತ್ತು. ಮೈಗೆ ಒಂದು ತಂತಿಯೂ ತಾಗಿಲ್ಲ, ಬಲ್ಬ್ ಮಾತ್ರ ಉರಿಯುತ್ತಿದೆ. ಆಗಿನ ಜನ ಬಾಯಿಬಿಟ್ಟುಕೊಂಡು ನೋಡಿರಬೇಕು. ಸುತ್ತಲ ತಂತಿಯ ಏರಿಳಿಯುವ ಕಾಂತಕ್ಷೇತ್ರ ದೇಹದೊಳಗೇ ಕರೆಂಟ್ ಹುಟ್ಟಿಸುತ್ತಿತ್ತು.

1896ರಲ್ಲಿ ಅವರು ಇನ್ನೊಂದು ಸಂಗತಿ ವರದಿ ಮಾಡಿದರು. ಕಡಿಮೆ ಆವರ್ತನದ ಕರೆಂಟ್ ಹರಿಯುವ ದೊಡ್ಡ ಸುರುಳಿಯೊಳಗೆ ತಲೆ ಇಟ್ಟರೆ, ಕಣ್ಣು ಮುಚ್ಚಿದ್ದರೂ ಮಿಣುಕು ಬೆಳಕು ಕಾಣಿಸುತ್ತದೆ. ಕಣ್ಣಿನ ಹಿಂಪರದೆಯಲ್ಲಿ ಹುಟ್ಟುವ ಕರೆಂಟ್ ಇದಕ್ಕೆ ಕಾರಣ. ಇದು ಬಿಸಿಯ ಆಟ ಅಲ್ಲ, ನರವನ್ನು ನೇರವಾಗಿ ಕೆಣಕುವುದು. ಹೀಗಾಗಿ ಕಡಿಮೆ ಆವರ್ತನದ ಕಥೆಯೇ ಬೇರೆ, ಹೆಚ್ಚು ಆವರ್ತನದ ಕಥೆಯೇ ಬೇರೆ ಅನ್ನುವುದು ಆಗಲೇ ಕಾಣಿಸಿಕೊಂಡಿತ್ತು. ಇವತ್ತಿನ ಚರ್ಚೆಗಳಲ್ಲಿ ಹೈಟೆನ್ಷನ್ ಲೈನನ್ನೂ ಮೊಬೈಲ್ ಟವರನ್ನೂ ಸುಮ್ನೆ ಒಂದೇ ತಕ್ಕಡಿಯಲ್ಲಿ ಹಾಕುವವರು ಇದನ್ನು ಗಮನಿಸಬೇಕು.

ಕಲ್ಕತ್ತೆಯ ಗಿಡಗಳು

ಇದೇ ಹೊತ್ತಿಗೆ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶ್ ಚಂದ್ರ ಬೋಸ್ ಮಿಲಿಮೀಟರ್ ಲೆಕ್ಕದ ಪುಟ್ಟ ಅಲೆಗಳನ್ನು ಹುಟ್ಟಿಸುತ್ತಿದ್ದರು. ಒಂದು ಅಲೆಯ ಉದ್ದ ಸುಮಾರು 5 ಮಿಲಿಮೀಟರ್. 5ಜಿಗೆ ಅಂತ 2022ರಲ್ಲಿ ನಮ್ಮ ದೇಶ ಹರಾಜಿಗಿಟ್ಟ 26 ಗಿಗಾಹರ್ಟ್ಸ್ ತರಂಗಗುಚ್ಛವೂ ಮಿಲಿಮೀಟರ್ ಅಲೆಗಳ ಕುಟುಂಬದ್ದೇ. ಆಮೇಲೆ ಬೋಸ್ ಗಿಡಗಳ ಕಡೆಗೆ ಹೊರಳಿದರು. ಗಿಡಕ್ಕೆ ರೇಡಿಯೊ ಅಲೆ ತಾಗಿಸಿದರೆ ಬೆಳವಣಿಗೆಯ ವೇಗ ಬದಲಾಗುತ್ತದೆ ಅಂತ 1919ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಉಪಕರಣವನ್ನು ಅವರೇ ಕಟ್ಟಿಕೊಂಡಿದ್ದರು. ಜೀವಿಯ ಮೇಲೆ ರೇಡಿಯೊ ಅಲೆಯ ಪರಿಣಾಮವನ್ನು ಅಳತೆ ಮಾಡಿ ನೋಡಿದ ಮೊದಲ ಕೆಲವರಲ್ಲಿ ಅವರೊಬ್ಬರು.

ಟ್ರಾನ್ಸ್‌ಮಿಟರ್ ಪಕ್ಕ ನಿಂತರೆ ಜ್ವರ

ಬಿಸಿ ಹುಟ್ಟುತ್ತೆ ಅಂತ ಗೊತ್ತಾದ ಮೇಲೆ ವೈದ್ಯರು ಸುಮ್ಮನಿರುತ್ತಾರಾ? 1900ರ ದಶಕದ ಕೊನೆಯ ಹೊತ್ತಿಗೆ ಬರ್ಲಿನ್‌ನಲ್ಲಿ ಫ್ರಾಂಜ್ ನಾಗೆಲ್‌ಷ್ಮಿಟ್ ಈ ಬಿಸಿಯನ್ನು ಕೀಲುನೋವಿಗೆ ಬಳಸುವ ಡಯಾಥರ್ಮಿಯನ್ನು ಪ್ರಚಾರಕ್ಕೆ ತಂದರು. ಹೊರಗಿಂದ ಕಾವು ಕೊಟ್ಟರೆ ಚರ್ಮ ಮೊದಲು ಸುಡುತ್ತದೆ. ಇದರಲ್ಲಿ ಒಳಗಿನ ಸ್ನಾಯುವೇ ಬಿಸಿಯಾಗುತ್ತದೆ. ಇವತ್ತಿಗೂ ಫಿಸಿಯೋಥೆರಪಿಯವರ ಹತ್ತಿರ ಸೊಂಟನೋವು, ಮಂಡಿನೋವು ಅಂತ ಹೋದರೆ ಕೆಲವು ಕಡೆ ಎರಡು ಪ್ಯಾಡ್‌ಗಳ ನಡುವೆ ಕೂರಿಸಿ ‘ಶಾರ್ಟ್‌ವೇವ್’ ಕೊಡುತ್ತಾರಲ್ಲ, ಅದು ಇದರದೇ ಮುಂದುವರಿಕೆ. ಆಪರೇಷನ್ ಥಿಯೇಟರಿನಲ್ಲಿ ರಕ್ತ ನಿಲ್ಲಿಸಲು ಬಳಸುವ ಕಾಟರಿ ಕೂಡ ಅದೇ ಬಳಗದ್ದು. 1926ರಲ್ಲಿ ಬಾಸ್ಟನ್‌ನಲ್ಲಿ ವಿಲಿಯಂ ಬೋವಿ ಮಾಡಿಕೊಟ್ಟ ಯಂತ್ರದಿಂದ ಹಾರ್ವಿ ಕುಶಿಂಗ್ ರೋಗಿಯೊಬ್ಬರ ತಲೆಯ ಗೆಡ್ಡೆ ತೆಗೆದ ಮೇಲೆ ಅದು ಎಲ್ಲೆಡೆ ಹಬ್ಬಿತು.

1920ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ಒಂದು ಬೆಳವಣಿಗೆಯಾಯಿತು. ಶಕ್ತಿಶಾಲಿ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ಗಳ ಹತ್ತಿರ ಕೆಲಸ ಮಾಡುವವರಿಗೆ ಮೈ ಬಿಸಿಯಾಗುತ್ತಿತ್ತು. ಪ್ರಯೋಗಾಲಯದ ಮುಖ್ಯಸ್ಥ ವಿಲಿಸ್ ವಿಟ್ನಿ ಇದನ್ನು ಪರೀಕ್ಷಿಸಲು ಆಲ್ಬನಿ ವೈದ್ಯಕೀಯ ಕಾಲೇಜಿನ ಹೆಲೆನ್ ಹಾಸ್ಮರ್ ಅವರನ್ನು ಕರೆಸಿಕೊಂಡರು. ಅವರು 1928ರಲ್ಲಿ ಬರೆದ ಪ್ರಬಂಧ, ಈ ಬಿಸಿಯನ್ನು ಕ್ರಮವಾಗಿ ಅಳೆದು ನೋಡಿದ ಮೊದಮೊದಲ ಬರಹಗಳಲ್ಲಿ ಒಂದು.

ವಿಟ್ನಿ ಇದರಲ್ಲಿ ಅಪಾಯದ ಬದಲು ಔಷಧಿ ಕಂಡರು. ಆಗ ಸಿಫಿಲಿಸ್ ರೋಗ ಮಿದುಳಿಗೇರಿದರೆ ರೋಗಿಗೆ ಬೇಕೆಂದೇ ಮಲೇರಿಯಾ ಹತ್ತಿಸಿ, ಆ ಜ್ವರದ ಕಾವಿನಿಂದ ರೋಗಾಣುವನ್ನು ಕೊಲ್ಲುವ ಚಿಕಿತ್ಸೆ ಇತ್ತು. ಅದಕ್ಕೆ 1927ರಲ್ಲಿ ನೊಬೆಲ್ ಕೂಡ ಸಿಕ್ಕಿತ್ತು. ಸೊಳ್ಳೆಯ ಸಹವಾಸವೇ ಬೇಡ, ರೇಡಿಯೊ ಅಲೆಯಿಂದಲೇ ಜ್ವರ ಬರಿಸೋಣ ಅಂತ ‘ರೇಡಿಯೊಥರ್ಮ್’ ಎಂಬ ಯಂತ್ರ ಬಂತು. ರೋಗಿಯನ್ನು ಎರಡು ಲೋಹದ ಫಲಕಗಳ ನಡುವೆ ಮಲಗಿಸಿದರೆ ಮೈಕಾವು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತಿತ್ತು. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆ ಈ ಸಾಹಸ ಬೇಕಾಗಲಿಲ್ಲ.

ಬಿಸಿ ಮಾತ್ರವಾ ಎಂಬ ಪ್ರಶ್ನೆ ಮೊದಲ ಸಲ ಜೋರಾಗಿ ಎದ್ದದ್ದೂ 1920ರ ದಶಕದಲ್ಲೇ. 1926ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ಜೋಸೆಫ್ ಷೆರೆಷೆವ್‌ಸ್ಕಿ ಇಲಿಗಳ ಮೇಲೆ 83 ಲಕ್ಷದಿಂದ 13.5 ಕೋಟಿ ಹರ್ಟ್ಸ್‌ವರೆಗಿನ ಆವರ್ತನಗಳನ್ನು ಪ್ರಯೋಗಿಸಿದರು. ಪರಿಣಾಮ ಆವರ್ತನಕ್ಕೆ ತಕ್ಕಂತೆ ಬದಲಾಗುತ್ತದೆ, ಹಾಗಾಗಿ ಬಿಸಿಯಲ್ಲದೆ ಬೇರೇನೋ ಇರಬೇಕು ಅನ್ನಿಸಿತು. ಎರಡು ವರ್ಷದ ನಂತರ ಇಲಿಗಳ ಗೆಡ್ಡೆಗಳು ಕರಗಿದ ವರದಿಯನ್ನೂ ಕೊಟ್ಟರು.

ಉತ್ತರ ಬಂದದ್ದು 1929ರಲ್ಲಿ, ರೊನಾಲ್ಡ್ ಕ್ರಿಸ್ಟಿ ಮತ್ತು ಆಲ್ಫ್ರೆಡ್ ಲೂಮಿಸ್ ಅವರಿಂದ. ಲೂಮಿಸ್ ವಾಲ್ ಸ್ಟ್ರೀಟ್‌ನ ಶ್ರೀಮಂತ ಬ್ಯಾಂಕರ್. ನ್ಯೂಯಾರ್ಕ್ ಹತ್ತಿರದ ಟಕ್ಸೀಡೊ ಪಾರ್ಕ್‌ನಲ್ಲಿ ಸ್ವಂತ ದುಡ್ಡಿನಲ್ಲಿ ಪ್ರಯೋಗಾಲಯ ಕಟ್ಟಿಕೊಂಡಿದ್ದರು. ಆವರ್ತನ ಬದಲಿಸಿದಾಗ ಪ್ರಾಣಿಯೊಳಗೆ ಹರಿಯುವ ಕರೆಂಟೇ ಬದಲಾಗುತ್ತದೆ, ಅದನ್ನು ಅಳೆಯದೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ ಅಂತ ಇಬ್ಬರೂ ತೋರಿಸಿದರು. ಕರೆಂಟನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿದರೆ, ಕಂಡದ್ದೆಲ್ಲ ಬಿಸಿಯಿಂದಲೇ ಆದದ್ದು. ಬೇರೆ ಪರಿಣಾಮ ಇದೆ ಅನ್ನುವವರೇ ಅದನ್ನು ಸಾಬೀತು ಮಾಡಲಿ ಎಂಬುದು ಅವರ ನಿಲುವು. ಈ ಕ್ಷೇತ್ರದಲ್ಲಿ ಇಂದಿಗೂ ನಡೆಯುವ ವಾದದ ಅಚ್ಚು ಬಿದ್ದದ್ದು ಇಲ್ಲಿ ಅಂತ ನನಗನ್ನಿಸುತ್ತದೆ. ಮುಂದೆ ಅಮೆರಿಕದ ಯುದ್ಧಕಾಲದ ರೇಡಾರ್ ಸಂಶೋಧನೆಯ ಮುಂದಾಳಾದವರೂ ಇದೇ ಲೂಮಿಸ್.

ರೇಡಾರ್ ಬಂತು, ಗುಲ್ಲೂ ಬಂತು

1940ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾನ್ ರಾಂಡಲ್ ಮತ್ತು ಹ್ಯಾರಿ ಬೂಟ್ ಹೊಸ ಬಗೆಯ ಮ್ಯಾಗ್ನೆಟ್ರಾನ್ ಮಾಡಿದರು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಆದರೆ ಅದರಿಂದ ಹೊರಟ ಮೈಕ್ರೋವೇವ್ ಹಿಂದೆಂದೂ ಇಲ್ಲದಷ್ಟು ಬಲವಾದದ್ದು. ಹಡಗು, ವಿಮಾನಗಳಿಗೆಲ್ಲ ರೇಡಾರ್ ಬಂತು. ಅದರ ಜೊತೆಗೇ ಸೈನಿಕರಲ್ಲಿ ಗುಲ್ಲು: ರೇಡಾರ್ ಹತ್ತಿರ ಕೆಲಸ ಮಾಡಿದರೆ ಮಕ್ಕಳಾಗುವುದಿಲ್ಲ, ತಲೆ ಬೋಳಾಗುತ್ತದೆ! ಅಮೆರಿಕದ ನೌಕಾಪಡೆ 1943ರಲ್ಲಿ, ವಾಯುಪಡೆ 1945ರಲ್ಲಿ ರೇಡಾರ್ ಸಿಬ್ಬಂದಿಯನ್ನು ಪರೀಕ್ಷಿಸಿ, ಹಾನಿಯ ಕುರುಹು ಕಾಣಲಿಲ್ಲ ಅಂದವು. ಆದರೆ ಇವೆಲ್ಲ ಸಣ್ಣ ಅಧ್ಯಯನಗಳು, ಕಡಿಮೆ ಅವಧಿಯವು.

ಯುದ್ಧ ಮುಗಿದ ಮೇಲೆ ಚಿತ್ರ ಬದಲಾಯಿತು. 1948ರಲ್ಲಿ ಅಯೋವಾ ವಿಶ್ವವಿದ್ಯಾಲಯದವರು ಮೊಲಗಳ ಮೇಲೆ, ಮೇಯೊ ಕ್ಲಿನಿಕ್‌ನವರು ನಾಯಿಗಳ ಮೇಲೆ ಮೈಕ್ರೋವೇವ್ ಹಾಯಿಸಿ ನೋಡಿದರು. ಕಣ್ಣಿನಲ್ಲಿ ಪೊರೆ ಬಂತು. ಅದೇ ವರ್ಷ ಅಯೋವಾದಲ್ಲಿ ಇಲಿಗಳ ವೃಷಣಕ್ಕೆ ಹಾನಿಯಾದದ್ದೂ ಕಂಡಿತು.

ಯಾಕೆ ಈ ಎರಡು ಅಂಗಗಳೇ? ದೇಹದ ಯಾವ ಭಾಗ ಬಿಸಿಯಾದರೂ ಹರಿಯುವ ರಕ್ತ ಆ ಬಿಸಿಯನ್ನು ಹೊತ್ತುಕೊಂಡು ಹೋಗಿ ಇಡೀ ಮೈಗೆ ಹಂಚುತ್ತದೆ. ಕಣ್ಣಿನ ಮಸೂರದಲ್ಲಿ ರಕ್ತನಾಳಗಳೇ ಇಲ್ಲ. ಅಲ್ಲಿ ಬಿಸಿ ನಿಂತುಬಿಡುತ್ತದೆ, ಮಸೂರದ ಪ್ರೋಟೀನ್ ಕೆಟ್ಟು ಬೆಳ್ಳಗಾಗುತ್ತದೆ. ಇನ್ನು ವೃಷಣ ಕೆಲಸ ಮಾಡುವುದೇ ಮೈಯ ಉಳಿದ ಭಾಗಕ್ಕಿಂತ ತಂಪಾಗಿದ್ದಾಗ, ಸ್ವಲ್ಪ ಕಾವೇರಿದರೂ ಅದಕ್ಕೆ ತೊಂದರೆ. 1952ರಲ್ಲಿ ಮೈಕ್ರೋವೇವ್ ಉಪಕರಣದೊಂದಿಗೆ ಕೆಲಸ ಮಾಡುತ್ತಿದ್ದ ತಂತ್ರಜ್ಞನೊಬ್ಬನ ಎರಡೂ ಕಣ್ಣಿಗೆ ಪೊರೆ ಬಂದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿಂದ ಮುಂದೆ ‘ಎಷ್ಟು ಇದ್ದರೆ ಸುರಕ್ಷಿತ?’ ಎಂದು ಕೇಳದೆ ಬೇರೆ ದಾರಿ ಇರಲಿಲ್ಲ.

ಹತ್ತು ಮಿಲಿವ್ಯಾಟ್‌ನ ಲೆಕ್ಕ

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದ ಜರ್ಮನ್ ಮೂಲದ ಭೌತವಿಜ್ಞಾನಿ ಹರ್ಮನ್ ಷ್ವಾನ್ 1953ರಲ್ಲಿ ಒಂದು ಮಿತಿ ಸೂಚಿಸಿದರು: ಮೈಯ ಪ್ರತಿ ಚದರ ಸೆಂಟಿಮೀಟರ್‌ಗೆ 10 ಮಿಲಿವ್ಯಾಟ್. ಎಲ್ಲಿಂದ ಬಂತು ಈ ಸಂಖ್ಯೆ? ಲೆಕ್ಕವನ್ನು ನಾವೇ ಮಾಡಿ ನೋಡಬಹುದು. ಸುಮ್ಮನೆ ಕೂತ ಮನುಷ್ಯನ ದೇಹ ತಾನಾಗಿಯೇ ಸುಮಾರು 100 ವ್ಯಾಟ್ ಬಿಸಿ ಹುಟ್ಟಿಸುತ್ತದೆ. ಮೈಯ ಹೊರಮೈ ಒಟ್ಟು ಸುಮಾರು 20,000 ಚದರ ಸೆಂಟಿಮೀಟರ್. ಅಲೆ ಒಂದು ಕಡೆಯಿಂದ ಬಂದರೆ ಹೆಚ್ಚೆಂದರೆ ಅದರ ಅರ್ಧದ ಮೇಲೆ, ಅಂದರೆ 10,000ದ ಮೇಲೆ ಬೀಳುತ್ತದೆ. ಅದನ್ನು 10 ಮಿಲಿವ್ಯಾಟ್‌ನಿಂದ ಗುಣಿಸಿ. ಮತ್ತೆ 100 ವ್ಯಾಟ್! ಅಂದರೆ ದೇಹ ದಿನವೂ ಹೊರಹಾಕುವ ಬಿಸಿಯಷ್ಟೇ ಇನ್ನೊಂದು ಪಾಲು. ನಡೆದಾಡುವಾಗ ಇದಕ್ಕಿಂತ ಹೆಚ್ಚು ಬಿಸಿಯನ್ನು ದೇಹ ನಿಭಾಯಿಸುತ್ತದೆ. ಮಧ್ಯಾಹ್ನದ ನೆತ್ತಿ ಬಿಸಿಲು ಚದರ ಸೆಂಟಿಮೀಟರ್‌ಗೆ ಸುಮಾರು 100 ಮಿಲಿವ್ಯಾಟ್, ಆದರೆ ಅದು ಚರ್ಮದಲ್ಲೇ ನಿಲ್ಲುತ್ತದೆ. ಮೈಕ್ರೋವೇವ್ ಇನ್ನೂ ಒಳಗೆ ಇಳಿಯುತ್ತದೆ.

1950ರ ದಶಕದ ಕೊನೆಯಲ್ಲಿ ಅಮೆರಿಕದ ಮೂರೂ ಸೇನಾಪಡೆಗಳು ಸೇರಿ ದೊಡ್ಡ ಸಂಶೋಧನಾ ಯೋಜನೆ ನಡೆಸಿದವು. 1966ರಲ್ಲಿ 10 ಮಿಲಿವ್ಯಾಟ್ ಅಲ್ಲಿನ ಅಧಿಕೃತ ಮಾನದಂಡವಾಯಿತು.

ಸೋವಿಯತ್ ಒಕ್ಕೂಟ ಅಷ್ಟರಲ್ಲಾಗಲೇ ತನ್ನದೇ ಮಿತಿ ಹಾಕಿತ್ತು. ಇಡೀ ದಿನದ ಕೆಲಸಕ್ಕೆ 10 ಮೈಕ್ರೋವ್ಯಾಟ್. ಮಿಲಿ ಅಲ್ಲ, ಮೈಕ್ರೋ! ಅಮೆರಿಕದ ಮಿತಿಯ ಸಾವಿರದಲ್ಲಿ ಒಂದು ಪಾಲು. ಒಂದೇ ಅಲೆ, ಒಂದೇ ಮನುಷ್ಯದೇಹ, ಎರಡು ದೇಶಗಳ ಉತ್ತರದಲ್ಲಿ ಸಾವಿರ ಪಟ್ಟು ವ್ಯತ್ಯಾಸ ಹೇಗೆ?

ಇಬ್ಬರೂ ಕೇಳಿದ ಪ್ರಶ್ನೆಯೇ ಬೇರೆ. ಅಮೆರಿಕದವರು ಹುಡುಕಿದ್ದು ಹಾನಿಯನ್ನು. ಮಾಸ್ಕೋದಲ್ಲಿ ಝಿನೈದಾ ಗಾರ್ಡನ್ ಅವರ ತಂಡ ಮೈಕ್ರೋವೇವ್ ಕಾರ್ಮಿಕರನ್ನು ವರ್ಷಗಟ್ಟಲೆ ಗಮನಿಸಿ ಸುಸ್ತು, ತಲೆನೋವು, ನಿದ್ದೆಯ ತೊಂದರೆ, ರಕ್ತದೊತ್ತಡದ ಏರುಪೇರುಗಳನ್ನು ದಾಖಲಿಸಿತ್ತು. ನರಮಂಡಲದ ಪ್ರತಿಕ್ರಿಯೆಗಳನ್ನು ಅಭ್ಯಾಸ ಮಾಡಿದ ರಷ್ಯಾದ ವಿಜ್ಞಾನಿ ಪಾವ್ಲೊವ್ ಅವರ ಪರಂಪರೆಯಿಂದ ಬಂದ ಅವರಿಗೆ ನರಮಂಡಲದ ಸಣ್ಣ ಬದಲಾವಣೆಯೂ ಲೆಕ್ಕಕ್ಕೆ ಬರುತ್ತಿತ್ತು. ಪಶ್ಚಿಮದವರ ತಕರಾರೆಂದರೆ, ಆ ಪ್ರಬಂಧಗಳಲ್ಲಿ ಅಲೆ ಎಷ್ಟಿತ್ತು, ಹೇಗೆ ಅಳೆದರು, ಹೋಲಿಸಿ ನೋಡಲು ಬೇರೆ ಗುಂಪು ಇತ್ತೇ ಎಂಬ ವಿವರ ಹೆಚ್ಚಾಗಿ ಇರುತ್ತಿರಲಿಲ್ಲ. ತಕರಾರು ನ್ಯಾಯವಾದದ್ದೇ. ಆದರೆ ಬಿಸಿ ಬಿಟ್ಟು ಬೇರೇನನ್ನೂ ಹುಡುಕದಿದ್ದರೆ ಬೇರೇನೂ ಸಿಗುವುದಿಲ್ಲ, ಅದೂ ನಿಜ.

ಶೀತಲ ಸಮರ ಇದಕ್ಕೆ ಇನ್ನಷ್ಟು ಮಸಾಲೆ ಹಾಕಿತು. 1950ರ ದಶಕದಿಂದಲೇ ಮಾಸ್ಕೋದ ಅಮೆರಿಕ ರಾಯಭಾರ ಕಚೇರಿಯತ್ತ ಸೋವಿಯತ್ ಕಡೆಯಿಂದ ಮೈಕ್ರೋವೇವ್ ಕಿರಣ ಹಾಯುತ್ತಿತ್ತು. ಅದು ಅಮೆರಿಕದ ಮಿತಿಗಿಂತ ಎಷ್ಟೋ ಕಡಿಮೆ. ‘ನಮ್ಮ ಪ್ರಕಾರ ಅಪಾಯವಿಲ್ಲ’ ಅಂದವರೇ ಗಾಬರಿಯಾಗಿ 1965ರಲ್ಲಿ ‘ಪಂಡೋರಾ’ ಎಂಬ ಗುಪ್ತ ಯೋಜನೆಯಡಿ ಕೋತಿಗಳ ಮೇಲೆ ಪ್ರಯೋಗಕ್ಕಿಳಿದರು. ಕಚೇರಿಯ ಸಿಬ್ಬಂದಿಗೆ ವಿಷಯ ತಿಳಿಸಿದ್ದು 1976ರಲ್ಲಿ. 1978ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ ಅವರ ಆರೋಗ್ಯವನ್ನು ಪೂರ್ವ ಯುರೋಪಿನ ಬೇರೆ ರಾಯಭಾರ ಕಚೇರಿಗಳವರ ಜೊತೆ ಹೋಲಿಸಿತು. ಮೈಕ್ರೋವೇವ್‌ನಿಂದ ಹಾನಿಯಾಯಿತು ಅನ್ನಲು ಪುರಾವೆ ಸಿಗಲಿಲ್ಲ.

ಕಿವಿಗೆ ಕೇಳಿಸಿದ ರೇಡಾರ್

ನನಗೆ ಅತ್ಯಂತ ಇಷ್ಟವಾದ ಪ್ರಕರಣ ಇದು. ರೇಡಾರ್ ಎದುರು ನಿಂತರೆ ತಲೆಯೊಳಗೆ ಟಿಕ್ ಟಿಕ್ ಅಂತಲೋ ಗುಂಯ್ ಅಂತಲೋ ಸದ್ದು ಕೇಳಿಸುತ್ತದೆ ಅಂತ ಕೆಲವು ಸಿಬ್ಬಂದಿ ಹೇಳುತ್ತಿದ್ದರು. ಹೆಚ್ಚಿನವರು ನಕ್ಕು ಸುಮ್ಮನಾದರು. ಅಮೆರಿಕದ ಆಲನ್ ಫ್ರೈ ನಗಲಿಲ್ಲ, ಪರೀಕ್ಷೆ ಮಾಡಿದರು. 1962ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಇದು ನಿಜ ಎಂದು ತೋರಿಸಿದರು. ಬಿಟ್ಟು ಬಿಟ್ಟು ಬರುವ ಮೈಕ್ರೋವೇವ್ ತುಣುಕುಗಳು ಮನುಷ್ಯನಿಗೆ ಸದ್ದಾಗಿ ಕೇಳಿಸುತ್ತವೆ, ಸರಾಸರಿ ಶಕ್ತಿ ಮೈ ಬಿಸಿಯಾಗದಷ್ಟು ಕಡಿಮೆ ಇದ್ದಾಗಲೂ.

ಅಂತೂ ಬಿಸಿಯಲ್ಲದ ಪರಿಣಾಮ ಸಿಕ್ಕಿತು ಅಂತ ಹಲವರಿಗೆ ಅನ್ನಿಸಿತು. 1974ರಲ್ಲಿ ಕೆನೆತ್ ಫಾಸ್ಟರ್ ಮತ್ತು ಎಡ್ವರ್ಡ್ ಫಿಂಚ್ ಒಗಟು ಬಿಡಿಸಿದರು. ಒಂದೊಂದು ತುಣುಕೂ ತಲೆಯೊಳಗಿನ ನೀರನ್ನು ಡಿಗ್ರಿಯ ಹತ್ತು ಲಕ್ಷದಲ್ಲಿ ಕೆಲವೇ ಪಾಲಿನಷ್ಟು ಬಿಸಿ ಮಾಡುತ್ತದೆ. ಆದರೆ ಅದು ಆಗುವುದು ಮೈಕ್ರೋಸೆಕೆಂಡುಗಳಲ್ಲಿ. ಅಷ್ಟು ದಿಢೀರ್ ಅಂತ ಹಿಗ್ಗಿದರೆ ಒತ್ತಡದ ಅಲೆ ಹುಟ್ಟುತ್ತದೆ. ಅದು ಮೂಳೆಯ ಮೂಲಕ ಒಳಕಿವಿ ತಲುಪಿ ಸದ್ದಾಗುತ್ತದೆ. ನೀರಿನ ಪಾತ್ರೆಯಲ್ಲಿ ಮೈಕ್ ಇಟ್ಟು ಅವರು ಆ ಸದ್ದನ್ನೇ ಹಿಡಿದು ತೋರಿಸಿದರು. ಇದಕ್ಕೆ ಇನ್ನೊಂದು ಸಾಕ್ಷಿಯೂ ಇದೆ: ನೀರು ಬಿಸಿಗೆ ಹಿಗ್ಗದೆ ಇರುವ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಸದ್ದು ಇಲ್ಲವಾಗುತ್ತದೆ. ಮತ್ತೆ ಬಿಸಿಯೇ, ಆದರೆ ಯಾರೂ ಊಹಿಸದ ದಾರಿಯಲ್ಲಿ.

ಮೊಬೈಲ್‌ನ ಆ ಸಂಖ್ಯೆ

1970ರ ದಶಕದಲ್ಲಿ ಇನ್ನೊಂದು ವಿಷಯ ಸ್ಪಷ್ಟವಾಯಿತು. ಮೈಮೇಲೆ ಎಷ್ಟು ಬಿತ್ತು ಅನ್ನುವುದಕ್ಕಿಂತ ಮೈ ಎಷ್ಟು ಹೀರಿಕೊಂಡಿತು ಅನ್ನುವುದು ಮುಖ್ಯ. ಯೂಟಾ ವಿಶ್ವವಿದ್ಯಾಲಯದ ಓಂ ಗಾಂಧಿ ಮುಂತಾದವರು ತೋರಿಸಿದಂತೆ, ದೇಹವೇ ಒಂದು ಆ್ಯಂಟೆನಾ. ನಿಂತ ವಯಸ್ಕ ಮನುಷ್ಯ ಸುಮಾರು 70 ಮೆಗಾಹರ್ಟ್ಸ್ ಹತ್ತಿರ ಅತಿ ಹೆಚ್ಚು ಹೀರುತ್ತಾನೆ. ಹೀಗಾಗಿ ಕಿಲೋ ತೂಕಕ್ಕೆ ಇಷ್ಟು ವ್ಯಾಟ್ ಎಂಬ ಹೊಸ ಅಳತೆ ಬಂತು. ಅದೇ ಎಸ್‌ಎಆರ್.

ಸನ್ನೆ ಒತ್ತಿದರೆ ತಿಂಡಿ ಸಿಗುತ್ತೆ ಅಂತ ಕಲಿತ ಇಲಿ, ಕೋತಿಗಳು ಕಿಲೋಗೆ ಸುಮಾರು 4 ವ್ಯಾಟ್ ಹೀರಿದಾಗ ಕೆಲಸ ನಿಲ್ಲಿಸಿಬಿಡುತ್ತಿದ್ದವು. ಆ ಹೊತ್ತಿಗೆ ಮೈಕಾವು ಸುಮಾರು 1 ಡಿಗ್ರಿ ಏರಿರುತ್ತಿತ್ತು. ಅದರ ಹತ್ತನೇ ಒಂದು ಪಾಲು, 0.4 ವ್ಯಾಟ್, ಕೆಲಸಗಾರರ ಮಿತಿಯಾಯಿತು. ಐವತ್ತನೇ ಒಂದು ಪಾಲು, 0.08 ವ್ಯಾಟ್, ಸಾಮಾನ್ಯ ಜನರದ್ದು. ಇವು ಇಡೀ ದೇಹದ ಸರಾಸರಿ. ಫೋನ್ ತಲೆಗೆ ಒತ್ತಿಕೊಂಡಾಗ ಒಂದೇ ಕಡೆ ಹೀರುವುದಕ್ಕೆ ಬೇರೆ ಮಿತಿ ಇದೆ. ಭಾರತದಲ್ಲಿ 2012ರ ಸೆಪ್ಟೆಂಬರ್‌ನಿಂದ ಅದು ಕಿಲೋಗೆ 1.6 ವ್ಯಾಟ್, ಯಾವುದೇ 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ. ಟವರ್‌ಗಳಿಗೆ ಆಗ ತಂದ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲು.

ಈ ಮಿತಿಗಳೆಲ್ಲ ಬಿಸಿಯ ಲೆಕ್ಕದ ಮೇಲೆ ನಿಂತಿವೆ. ಹಳೆಯ ಪ್ರಶ್ನೆಯ ಇನ್ನೊಂದು ಅರ್ಧ ಇನ್ನೂ ತೆರೆದೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2011ರಲ್ಲಿ ರೇಡಿಯೊ ಅಲೆಗಳನ್ನು ‘ಕ್ಯಾನ್ಸರ್ ತರಬಹುದೇನೋ’ ಎಂಬ 2ಬಿ ಗುಂಪಿಗೆ ಸೇರಿಸಿತು. ಪುರಾವೆ ಸೀಮಿತ, ತಳ್ಳಿಹಾಕುವಂತೆಯೂ ಇಲ್ಲ ಅನ್ನುವಾಗ ಹಾಕುವ ಗುಂಪು ಅದು. ಅದೇ ಸಂಸ್ಥೆಗಾಗಿ ನಡೆದು 2024ರಲ್ಲಿ ಪ್ರಕಟವಾದ ದೊಡ್ಡ ಪರಾಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ.

ನಿಮ್ಮ ಫೋನಿನಲ್ಲಿ *#07# ಒತ್ತಿ ನೋಡಿ, ಬಹುತೇಕ ಫೋನ್‌ಗಳಲ್ಲಿ ಎಸ್‌ಎಆರ್ ಸಂಖ್ಯೆ ಬರುತ್ತದೆ. ಅದನ್ನು ಅಳೆಯುವುದು ತಲೆಯ ಆಕಾರದ ಅಚ್ಚಿನಲ್ಲಿ ಅಂಗಾಂಶದಂಥ ದ್ರವ ತುಂಬಿ, ಫೋನನ್ನು ಪೂರ್ತಿ ಶಕ್ತಿಯಲ್ಲಿ ಓಡಿಸಿ. ದಿನನಿತ್ಯದ ಬಳಕೆಯಲ್ಲಿ ಅಷ್ಟು ಇರುವುದಿಲ್ಲ. ಸಿಗ್ನಲ್ ಚೆನ್ನಾಗಿರುವ ಕಡೆ ಫೋನ್ ತಾನಾಗಿಯೇ ಶಕ್ತಿ ತಗ್ಗಿಸಿಕೊಳ್ಳುತ್ತದೆ. ಲಿಫ್ಟಿನಲ್ಲಿ, ಬೇಸ್‌ಮೆಂಟಿನಲ್ಲಿ, ಒಂದೇ ಕಡ್ಡಿ ಸಿಗ್ನಲ್ ಇರುವ ಕಡೆ ಏರಿಸಿಕೊಳ್ಳುತ್ತದೆ. ಅಂಥಲ್ಲಿ ಉದ್ದ ಮಾತಾಡಬೇಕಿದ್ದರೆ ಇಯರ್‌ಫೋನ್ ಹಾಕಿಕೊಂಡು ಫೋನನ್ನು ಒಂದು ಗೇಣು ದೂರ ಇಟ್ಟರೂ ತಲೆ ಹೀರುವ ಪ್ರಮಾಣ ಬಹಳ ಕಡಿಮೆಯಾಗುತ್ತದೆ.